ಹೂವಿನ ಮರವಾದ ಹುಡುಗಿ

ಸಿಂಡ್ರೆಲಾ ಕಥೆ ನಮ್ಮ ಗಡಹಿಂಗ್ಲಜ ಭಾಗದ ಮಕ್ಕಳಿಗೂ ಗೊತ್ತು. ಹೂವಿನ ಮರವಾಗುವ ಹುಡುಗಿ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಅಜ್ಜಿಯರ ಕಥೆ ಇವೆರಡರ ನಡುವೆ ಎಲ್ಲೋ ಬಿದ್ದುಹೋಗಿದೆ.

ಒಂದು ಕೊಡ ನೀರು ಸುರಿದರೆ ಅವಳು ಮರ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಕೀಳುವಾಗ ಟೊಂಗೆ ಮುರಿಯಬಾರದು, ಅಷ್ಟೇ. ಬಡ ತಾಯಿಗಾಗಿ ಮರವಾದವಳನ್ನು ರಾಜಕುಮಾರ ಮದುವೆಯಾಗುತ್ತಾನೆ. ನಾದಿನಿ ಮತ್ತು ಗೆಳತಿಯರು ಆಟಕ್ಕೆಂದು ಟೊಂಗೆ ಮುರಿದು, ಅರ್ಧ ದೇಹದವಳನ್ನು ಬಿಟ್ಟು ಹೋಗುತ್ತಾರೆ. ಕೊನೆಗೆ ಗಂಡನೇ ಮುರಿದ ಟೊಂಗೆ ಜೋಡಿಸಿ ನೀರೆರೆಯುತ್ತಾನೆ.

ಬೆಳಗಾವಿಯಲ್ಲಿ ಪಾಠ ಹೇಳಿದ್ದ ಎ.ಕೆ. ರಾಮಾನುಜನ್ ಕನ್ನಡದ ಹೆಂಗಸರು ಹೇಳುತ್ತಿದ್ದ ಇಂಥ ಕಥೆಗಳನ್ನು ಸಂಗ್ರಹಿಸಿದರು. ಅವರು 1993ರಲ್ಲಿ ತೀರಿಕೊಂಡರು. 1997ರಲ್ಲಿ ಬಂದ ಇಂಗ್ಲಿಷ್ ಸಂಕಲನಕ್ಕೆ ಈ ಕಥೆಯ ಹೆಸರೇ. ಅವರಿಂದ ಕೇಳಿದ ಕಥೆಗಳಿಂದಲೇ ಗಿರೀಶ ಕಾರ್ನಾಡರ 'ನಾಗಮಂಡಲ' (1988) ಹುಟ್ಟಿತು. ಹೂವಿನ ಹುಡುಗಿ 1992ರಲ್ಲಿ ಅವರ ಹಿಂದಿ ಚಿತ್ರ 'ಚೆಲುವಿ'ಯಾದಳು. ನಾಯಕಿ ಮರಾಠಿಯ ಸೋನಾಲಿ ಕುಲಕರ್ಣಿ. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನೇ ಸಂಗೀತನಾಟಕ ಮಾಡಿ ವಿಯೆನ್ನಾದಲ್ಲಿ ಆಡಿಸಿದರು. ನಮ್ಮ ಕಥೆ ಅಷ್ಟು ದೂರ ಹೋಯಿತು, ನಮ್ಮ ಶಾಲೆಗೆ ಮಾತ್ರ ಬರಲಿಲ್ಲ!

ಸಿಂಡ್ರೆಲಾಳ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಇದರದು ಗೊತ್ತಿಲ್ಲ, ಅದಕ್ಕೇ ಕಿವಿ ನಿಮಿರುತ್ತದೆ. 'ಚೆಲುವಿ'ಯಲ್ಲಿ ಅಜ್ಜಿಯರ ಸುಖಾಂತ್ಯವೂ ಇಲ್ಲ. ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಕೇಳಿದ್ದು ಇಷ್ಟೇ: "ಟೊಂಗಿ ಮುರಿಯುವಾಗ ಆಕಿಗೆ ನೋವಾಗಲಿಲ್ಲೇನ್ರಿ ಸರ?"