ಮುಪ್ಪಿನ ಮೂಳೆ: ಒಂದು ರೋಗ ಗುರುತಾದ ಬಗೆ

ವಯಸ್ಸಾದವರ ಮೂಳೆ ಸಣ್ಣ ಬೀಳುವಿಕೆಗೂ ಮುರಿಯುತ್ತದೆಂಬುದನ್ನು ವೈದ್ಯರು ಬಹುಕಾಲದಿಂದ ಬಲ್ಲವರಾಗಿದ್ದರೂ, ಅದನ್ನು ತಡೆಯಬಹುದಾದ ರೋಗವೆಂದು ಕಂಡದ್ದು ಇಪ್ಪತ್ತನೆಯ ಶತಮಾನದಲ್ಲಿ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ 1820ರ ದಶಕದಲ್ಲಿಯೇ, ತೊಡೆಮೂಳೆಯ ಕತ್ತಿನ ಮುರಿತಗಳನ್ನು ವಿವರಿಸುತ್ತ, ಮುಪ್ಪಿನಲ್ಲಿ ಮೂಳೆಗಳು ತೆಳುವಾಗಿ ಹಗುರಾಗುವುದನ್ನು ಗುರುತಿಸಿದ್ದರು. ಆದರೆ ಆ ಸವೆತವನ್ನು ಮುಪ್ಪಿನ ಸಹಜ ಪಾಡೆಂದೇ ಭಾವಿಸಲಾಯಿತು.

ಈ ಭಾವನೆಯನ್ನು ಅಲುಗಿಸಿದವರು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಫುಲ್ಲರ್ ಆಲ್‌ಬ್ರೈಟ್. ಬೆನ್ನುಮೂಳೆ ಕುಸಿದು ಗೂನಾದ ರೋಗಿಗಳಲ್ಲಿ ಬಹುಪಾಲು ಮುಟ್ಟು ನಿಂತ ಹೆಂಗಸರೇ ಇರುವುದನ್ನು ಗಮನಿಸಿದ ಅವರು, 1941ರಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಲೇಖನದಲ್ಲಿ, ಅಂಡಾಶಯದಿಂದ ಸ್ರವಿಸುವ ಈಸ್ಟ್ರೊಜೆನ್ ಎಂಬ ಹಾರ್ಮೋನಿನ ಕೊರತೆಗೂ ಮೂಳೆಯ ಸವೆತಕ್ಕೂ ನಂಟಿದೆಯೆಂದು ಪ್ರತಿಪಾದಿಸಿದರು. ಹಾರ್ಮೋನು ಕುಂದಿದಾಗ ಹೊಸ ಮೂಳೆ ಕಟ್ಟುವ ಕೆಲಸ ಸೊರಗುತ್ತದೆಂಬ ಅವರ ವಿವರಣೆ ಪೂರ್ಣವಾಗಿ ನಿಲ್ಲಲಿಲ್ಲ; ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳ ಚಟುವಟಿಕೆ ಮಿತಿಮೀರಿ, ಕಟ್ಟುವ ಕೆಲಸ ಅದಕ್ಕೆ ಸರಿಗಟ್ಟಲಾರದೆಂಬುದು ಮುಂದೆ ತಿಳಿಯಿತು. ಆದರೂ ಹೆಂಗಸರ ಬಾಗಿದ ಬೆನ್ನಿಗೆ ವಯಸ್ಸಲ್ಲದ ಕಾರಣವೊಂದನ್ನು ಹುಡುಕಿದ್ದು ದೊಡ್ಡ ಸಾಧನೆ.

ಉಳಿದದ್ದು ಅಳತೆಯ ತೊಡಕು. ಮೂಳೆಯ ಖನಿಜಾಂಶ ಸುಮಾರು ಶೇ. 30ರಷ್ಟು ನಷ್ಟವಾಗುವವರೆಗೆ ಸಾಮಾನ್ಯ ಎಕ್ಸ್-ರೇ ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣದ ಕಾರಣ, ಮೊದಲ ಮುರಿತವೇ ಅನೇಕರಿಗೆ ಮೊದಲ ಸೂಚನೆಯಾಗಿತ್ತು. 1963ರಲ್ಲಿ ವಿಸ್ಕಾನ್ಸಿನ್ನಿನ ಜಾನ್ ಕ್ಯಾಮರಾನ್ ಮತ್ತು ಜೇಮ್ಸ್ ಸೋರೆನ್‌ಸನ್ ಫೋಟಾನ್ ಕಿರಣವನ್ನು ಮೂಳೆಯ ಮೂಲಕ ಹಾಯಿಸಿ, ಎಷ್ಟು ಹೀರಲ್ಪಟ್ಟಿತೆಂಬುದರಿಂದ ಖನಿಜಾಂಶವನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದರು. 1980ರ ದಶಕದ ಕೊನೆಗೆ ಬಂದ ಡೆಕ್ಸಾ ಯಂತ್ರ ಎರಡು ಶಕ್ತಿಮಟ್ಟದ ಎಕ್ಸ್-ರೇಗಳಿಂದ ಅದನ್ನೇ ಸೊಂಟದಲ್ಲಿಯೂ ಬೆನ್ನುಮೂಳೆಯಲ್ಲಿಯೂ ಸಾಧಿಸಿತು. ಆರೋಗ್ಯವಂತ ಯುವತಿಯರ ಸರಾಸರಿ ಸಾಂದ್ರತೆಗಿಂತ 2.5 ಮಾನಕ ವಿಚಲನೆ ಅಥವಾ ಅದಕ್ಕೂ ಹೆಚ್ಚು ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ, ಎಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಮರುವರ್ಷವೇ ಮೂಳೆ ಕರಗುವುದನ್ನು ತಗ್ಗಿಸುವ ಅಲೆಂಡ್ರೊನೇಟ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಾರ್ಮೋನು ಚಿಕಿತ್ಸೆಯ ಹಾದಿ ಮಾತ್ರ ಕಿರಿದಾಯಿತು: 2002ರಲ್ಲಿ ಅಮೆರಿಕದ ಬೃಹತ್ ಪ್ರಯೋಗವೊಂದರಲ್ಲಿ ಮುರಿತಗಳು ತಗ್ಗಿದರೂ ಸ್ತನ ಕ್ಯಾನ್ಸರ್ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದರಿಂದ ಅದನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು.

ಮೂವತ್ತರ ಆಸುಪಾಸಿನವರೆಗೆ ಕೂಡಿಟ್ಟ ಮೂಳೆಯೇ ಮುಪ್ಪಿನ ಆಸರೆಯಾದುದರಿಂದ, ನೂರು ಗ್ರಾಮಿಗೆ 300 ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇರುವ ರಾಗಿಯನ್ನು ಬೆಳೆದ ಕನ್ನಡ ನಾಡಿನಲ್ಲಿ ಹೆಣ್ಣುಮಕ್ಕಳ ತಟ್ಟೆಗೆ ಅದು ಎಳವೆಯಲ್ಲಿಯೇ ಸಾಕಷ್ಟು ಬೀಳಬೇಕು. ಮುಟ್ಟು ನಿಂತ ಹೆಂಗಸರು ಮೊದಲ ಮುರಿತಕ್ಕೆ ಕಾಯದೆ ತಮ್ಮ ಮೂಳೆಯ ಸಾಂದ್ರತೆಯ ಬಗ್ಗೆ ವೈದ್ಯರನ್ನು ವಿಚಾರಿಸಬೇಕು.