ಶುಯಿಗೋ ಮತ್ತು ರೆನ್‌ಜುಂಗ್: ಒಂದು ಸೂಚೀಸ್ಥಾನದ ನಾಮವಿಚಾರ

ಮೂಗಿನ ಬುಡದಿಂದ ಮೇಲ್ದುಟಿಯವರೆಗೆ ಇಳಿದಿರುವ ಸಣ್ಣ ತಗ್ಗಿನಲ್ಲಿ ಚೀನದ ವೈದ್ಯರು ಒಂದು ಸೂಚೀಸ್ಥಾನವನ್ನು ಗುರುತಿಸಿರುವರು. ಮೂರ್ಛೆಹೋದವನನ್ನು ಎಚ್ಚರಿಸಲು ಅಲ್ಲಿ ಸೂಜಿ ಚುಚ್ಚುವ, ಇಲ್ಲವೆ ಉಗುರಿನಿಂದ ಒತ್ತುವ ಪದ್ಧತಿ ಅಲ್ಲಿ ಬಹು ಪ್ರಾಚೀನವಾದುದು. ಇದಕ್ಕೆ ಶುಯಿಗೋ, ಎಂದರೆ ‘ನೀರ್ಗಾಲುವೆ’, ಎಂದೂ ರೆನ್‌ಜುಂಗ್, ಎಂದರೆ ‘ಮನುಷ್ಯಮಧ್ಯ’, ಎಂದೂ ಹೆಸರುಂಟು. ಇವೆರಡನ್ನೂ ಪರ್ಯಾಯಪದಗಳೆಂದೆಣಿಸುವುದು ವಾಡಿಕೆ. ಪ್ರಾಚೀನ ಗ್ರಂಥಗಳನ್ನು ನೋಡಿದರೆ ಹಾಗೆ ತೋರುವುದಿಲ್ಲ.

ಹ್ವಾಂಗ್‌ಫು ಮಿ (ಕ್ರಿ. ಶ. 215–282) ತನ್ನ ‘ಜಿಯಾಯಿ ಜಿಂಗ್’ ಗ್ರಂಥದಲ್ಲಿ ಶುಯಿಗೋ ಎಂಬ ಸ್ಥಾನವು ರೆನ್‌ಜುಂಗಿನಲ್ಲಿದೆಯೆಂದು ಹೇಳುತ್ತಾನೆ, ಸೂಜಿಯನ್ನು ಚೀನೀ ಅಂಗುಲದ ಹತ್ತರಲ್ಲಿ 3 ಭಾಗ ಇಳಿಸಿ 7 ಉಸಿರಿನಷ್ಟು ಹೊತ್ತು ನಿಲ್ಲಿಸಬೇಕೆಂದು ವಿಧಿಸುತ್ತಾನೆ. ಆದುದರಿಂದ ಅವನ ಮಾತಿನಲ್ಲಿ ಶುಯಿಗೋ ಎಂಬುದು ವೈದ್ಯರ ಪರಿಭಾಷೆ, ರೆನ್‌ಜುಂಗ್ ಎಂಬುದು ಮುಖದ ಆ ತಗ್ಗಿನ ಹೆಸರು. ಗೆ ಹುಂಗ್ (283–343) ಬರೆದ ‘ಜೌಹೌ’ ಎಂಬ ತುರ್ತುಚಿಕಿತ್ಸೆಯ ಕೈಪಿಡಿಯು ವೈದ್ಯನು ದೊರೆಯದ ಕಡೆಗಾಗಿ ಹುಟ್ಟಿದುದು. ಹಠಾತ್ತನೆ ಪ್ರಜ್ಞೆ ತಪ್ಪಿದವನ ರೆನ್‌ಜುಂಗನ್ನು ಉಗುರಿನಿಂದ ಬಹಳ ಹೊತ್ತು ಒತ್ತಬೇಕೆಂದು ಅದು ತಿಳಿಸುತ್ತದೆ. ಶಾಸ್ತ್ರವರಿಯದ ಗೃಹಸ್ಥನಿಗೆ ಅವಯವದ ಹೆಸರೇ ಸಾಕಷ್ಟೆ! ಜನರ ಈ ಮಾತೇ ಕ್ರಮೇಣ ಶಾಸ್ತ್ರದ ಪದವನ್ನು ಹಿಂದಿಕ್ಕಿತೆಂದು ಊಹಿಸಬಹುದು.

ಸುಮಾರು 652ರಲ್ಲಿ ಸುನ್ ಸಿಮಿಯಾವೊ ರಚಿಸಿದ ‘ಚಿಯೆನ್‌ಜಿನ್ ಯಾವೊಫಾಂಗ್’ ಗ್ರಂಥದಲ್ಲಿ ಮೂರನೆಯ ಹೆಸರೊಂದು ಕಾಣುತ್ತದೆ. ದುಷ್ಟಶಕ್ತಿಗಳಿಂದ ಬಂದವೆಂದು ನಂಬಿದ್ದ ವ್ಯಾಧಿಗಳಿಗೆ ಅಲ್ಲಿ 13 ಸ್ಥಾನಗಳನ್ನು ವಿಧಿಸಿದೆ. ಮೊದಲನೆಯದೇ ರೆನ್‌ಜುಂಗ್, ಅದರ ನಾಮಾಂತರ ಗ್ವೇಗುಂಗ್, ‘ಪ್ರೇತಮಂದಿರ’. ಸೂಜಿಯು ಎಡಗಡೆಯಿಂದ ಹೊಕ್ಕು ಬಲಗಡೆಗೆ ಹೊರಡಬೇಕಂತೆ. ಮಂತ್ರವಾದಿಯ ವಿಶ್ವಾಸಕ್ಕೂ ವೈದ್ಯನ ಸೂಜಿಗೂ ಆಗಿನ್ನೂ ಅಂತರ ಏರ್ಪಟ್ಟಿರಲಿಲ್ಲ.

‘ಮನುಷ್ಯಮಧ್ಯ’ವೆಂಬುದಕ್ಕೆ ಅರ್ಥ ಹೇಳಹೊರಟ ವಿದ್ವಾಂಸರ ಜಾಣ್ಮೆ ರಸವತ್ತಾದುದು. ಮೂಗು ಆಕಾಶದ ವಾಯುವನ್ನೂ ಬಾಯಿ ಭೂಮಿಯ ರಸವನ್ನೂ ಸ್ವೀಕರಿಸುವುದರಿಂದ ನಡುವಣದು ಮನುಷ್ಯಸ್ಥಾನವೆಂದು ಒಂದು ಮತ. ಇನ್ನೊಂದು ಮತದಂತೆ, ಇದಕ್ಕೆ ಮೇಲಿನ ಕಣ್ಣು, ಕಿವಿ, ಮೂಗುಗಳ ರಂಧ್ರಗಳು ಎರಡೆರಡು. ಕೆಳಗಿನ ಬಾಯಿ ಮತ್ತು ಮಲಮೂತ್ರದ್ವಾರಗಳು ಒಂದೊಂದು. ಮೂರು ತುಂಡುಗೆರೆಗಳ ಕೆಳಗೆ ಮೂರು ಇಡಿಗೆರೆಗಳನ್ನಿಟ್ಟರೆ ‘ಯಿ ಜಿಂಗ್’ನಲ್ಲಿ ಹೇಳಿರುವ ‘ತಾಯ್’ ಎಂಬ ಶುಭಚಿಹ್ನೆಯಾಗುತ್ತದೆ! ಹೆಸರು ನೆಲೆಗೊಂಡ ಮೇಲೆ ಕಟ್ಟಿದ ವ್ಯಾಖ್ಯಾನವಿದು. ವ್ಯುತ್ಪತ್ತಿಯೆಂದು ಗ್ರಹಿಸುವುದು ಯುಕ್ತವಲ್ಲ.

ನಮ್ಮ ಸುಶ್ರುತನ ಮರ್ಮಗಳೊಡನೆ ಇದನ್ನು ಸಮೀಕರಿಸುವುದೂ ಸರಿಯಲ್ಲ. ಅವು ಶಸ್ತ್ರ ತಾಗದಂತೆ ಕಾಪಾಡಬೇಕಾದ ಎಡೆಗಳು. ಇದು ಸೂಜಿಯನ್ನು ಬೇಕೆಂದೇ ಇಳಿಸುವ ಎಡೆ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಶಾಂತಸಾಗರ ವಿಭಾಗವು ಪ್ರಕಟಿಸಿದ ಸ್ಥಾನನಿರ್ಣಯವು ಈ ಬಿಂದುವನ್ನು ತಗ್ಗಿನ ನಟ್ಟನಡುವೆ ಇರಿಸಿತು. ಮೇಲಿನ ಮೂರನೆಯ ಒಂದು ಭಾಗವು ಮುಗಿಯುವಲ್ಲಿ ಅದು ಇದೆಯೆಂಬ ಪಕ್ಷವನ್ನೂ ಅದರ ಕೆಳಗೆ ಟಿಪ್ಪಣಿಯಾಗಿ ಉಳಿಸಿದೆ.