ಕಲ್ಯಾಣದಿಂದ ಕಡಲಿಗೆ

ಹುಮನಾಬಾದಿನಲ್ಲಿ ಬಹುಕಾಲ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದವನು ನಾನು. ಮಹಾಕಾವ್ಯವೆಂದ ಮೇಲೆ ಅಷ್ಟಾದಶ ವರ್ಣನೆಗಳು ಇರಬೇಕಷ್ಟೆ. ದಂಡಿಯ ಪಟ್ಟಿಯಲ್ಲಿ ನಗರದ ಬೆನ್ನಿಗೇ ಸಮುದ್ರ ಬರುತ್ತದೆ. ವರ್ಷ ವರ್ಷವೂ ಆ ಸಮುದ್ರವರ್ಣನೆಯನ್ನು ಅನ್ವಯಿಸಿ, ಅಲಂಕಾರ ಗುರುತಿಸಿ, ಭಾವಾರ್ಥ ಬರೆಸಿ ಮುಗಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸರ, ನೀವು ಸಮುದ್ರ ನೋಡೀರೇನ್ರಿ?" ಎಂದು ಕೇಳಿದ. "ಇಲ್ಲಪಾ, ಕವಿಗಳು ನೋಡ್ಯಾರ, ಅಷ್ಟು ಸಾಕು" ಎಂದೆ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿವೃತ್ತನಾದ ಮೇಲೆ ಅದಕ್ಕೊಂದು ಉತ್ತರ ಕಂಡುಕೊಳ್ಳಲೆಂದೇ ಪತ್ನಿಯೊಡನೆ ಕಾರವಾರಕ್ಕೆ ಹೊರಟೆ.

ನಮ್ಮ ಕಡೆಯವರಿಗೆ ಸಮುದ್ರ ದೂರದ ಮಾತು. ಬಸವಕಲ್ಯಾಣ, ಹುಮನಾಬಾದುಗಳು ಸೇರಿದ್ದ ಹೈದರಾಬಾದ್ ಸಂಸ್ಥಾನ ವಿಸ್ತಾರದಲ್ಲಿ ದೊಡ್ಡದಾದರೂ ಅದಕ್ಕೆ ಒಂದು ಮೊಳದಷ್ಟೂ ಕಡಲತೀರ ಇರಲಿಲ್ಲ. ಆ ಕೊರತೆಯನ್ನು ನೀಗಿಕೊಳ್ಳಲು ಕೊನೆಯ ನಿಜಾಮನ ಸರಕಾರ ಗೋವೆಯ ಬಂದರಿಗಾಗಿ ಪೋರ್ಚುಗೀಸರೊಡನೆ ಮಾತುಕತೆ ನಡೆಸಿದ್ದುಂಟು. ಅದು ಕೈಗೂಡಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ, ಬೀದರ ಜಿಲ್ಲೆಯ ಕನ್ನಡಿಗರೂ ಕಾರವಾರದ ಕನ್ನಡಿಗರೂ ಒಂದೇ ರಾಜ್ಯದವರಾದರು. ನಮಗೆ ಕಡಲು ದೊರೆತದ್ದು ಅಂದು ಎಂದು ನಾನು ತಿಳಿದಿದ್ದೆ. ಈ ಪ್ರವಾಸಕ್ಕಾಗಿ ಹಳೆಯ ಪುಸ್ತಕಗಳನ್ನು ಮತ್ತೆ ತೆರೆದಾಗ, ಅಂದು ನಮಗೆ ಆ ಕಡಲು ಮರಳಿ ದೊರೆಯಿತು ಎನ್ನುವುದೇ ಸರಿಯೆಂದು ತೋರಿತು.

ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದ. ಅವನ ಮಗ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಅರ್ಧ ಶತಮಾನ ಆಳಿದ. ಹುಮನಾಬಾದಿನ ಸಮೀಪದ ಜಲಸಂಗ್ವಿಯ ದೇವಾಲಯದ ಗೋಡೆಯಲ್ಲಿ ಈ ಅರಸನ ಕೀರ್ತಿಯನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಸಪ್ತದ್ವೀಪಗಳನ್ನು ಒಡಲಲ್ಲಿಟ್ಟುಕೊಂಡ ಭೂಮಿಯನ್ನು ವಿಕ್ರಮಾದಿತ್ಯನು ಸ್ವೀಕರಿಸುವನು ಎಂಬುದು ಆ ಬರೆಹದ ತಾತ್ಪರ್ಯ. ಕಡಲಿನಿಂದ ಅಷ್ಟು ದೂರದ ಹಳ್ಳಿಯ ಕಲ್ಲಿನಲ್ಲಿ ದ್ವೀಪದ ಮಾತು! ಅದು ಕೇವಲ ಕವಿಸಮಯವೆಂದು ಬಹುಕಾಲ ನಂಬಿದ್ದೆ.

ಆದರೆ ಇದೇ ವಿಕ್ರಮಾದಿತ್ಯನು ತನ್ನ ಮಗಳು ಮೈಲಲದೇವಿಯನ್ನು ಗೋವೆಯ ಕದಂಬರ ಇಮ್ಮಡಿ ಜಯಕೇಶಿಗೆ ಕೊಟ್ಟು ಮದುವೆ ಮಾಡಿದ್ದ. ಗೋವೆಯ ಕದಂಬರು ಕಲ್ಯಾಣದ ಸಾಮಂತರು, ಕಡಲ ಒಡೆಯರು. ಜುವಾರಿ ನದಿಯ ದಡದ ಗೋಪಕಪಟ್ಟಣ ಅವರ ಬಂದರು. ಆ ಮನೆತನದ ಮೊದಲ ಜಯಕೇಶಿಯ ಕಾಲದ, 1053ರ ತಾಮ್ರಶಾಸನವೊಂದು ಅರಬ್ ಮೂಲದ ಅಧಿಕಾರಿಯೊಬ್ಬನು ಅಲ್ಲಿ ಮಸೀದಿ ಕಟ್ಟಿಸಿದ್ದನ್ನೂ ಅದರ ಖರ್ಚಿಗೆ ಬರುವ ಹಡಗುಗಳಿಂದ ಸುಂಕ ಎತ್ತುತ್ತಿದ್ದುದನ್ನೂ ಹೇಳುತ್ತದೆ. ನಮ್ಮ ಕಲ್ಯಾಣದ ಅರಮನೆಯ ಹೆಣ್ಣುಮಗಳು ಸೊಸೆಯಾಗಿ ಹೋದದ್ದು ಅಂಥ ಮನೆಗೆ. ಎಂಟು ನೂರು ವರ್ಷಗಳ ಮೇಲೆ ನಿಜಾಮನು ಹಣ ಕೊಟ್ಟು ಪಡೆಯಲು ಹೊರಟ ಗೋವೆ ಒಂದು ಕಾಲಕ್ಕೆ ಕಲ್ಯಾಣದ ಬೀಗರ ಮನೆಯಾಗಿತ್ತು.

ಕಾರವಾರಕ್ಕೆ ನಾವು ಯಲ್ಲಾಪುರದ ನೇರ ದಾರಿಯನ್ನು ಬಿಟ್ಟು, ಧಾರವಾಡದಿಂದ ದಾಂಡೇಲಿ, ಜೋಯಿಡಾಗಳ ಕಾಡಿನೊಳಗಿನಿಂದ ಉಳವಿಯನ್ನು ಹಾದು ಹೋದೆವು. ಬಸವಕಲ್ಯಾಣದವನು ಉಳವಿಯನ್ನು ಕಾಣದೆ ಕಡಲನ್ನು ಕಾಣುವುದು ಉಚಿತವಲ್ಲವೆಂದು ನನ್ನ ಪತ್ನಿಯ ಹಟ. ಆ ಹಟವೇ ನನಗೆ ಈ ಪ್ರವಾಸದ ಮರ್ಮವನ್ನು ತೋರಿಸಿತೆನ್ನಬೇಕು.

1167ರ ಸುಮಾರಿಗೆ ಕಲ್ಯಾಣದಲ್ಲಿ ಬಿಜ್ಜಳನ ಆಳ್ವಿಕೆ ಕ್ಷೋಭೆಯಲ್ಲಿ ಕೊನೆಗೊಂಡು ಶರಣರು ದಿಕ್ಕುದಿಕ್ಕಿಗೆ ಚದುರಿದ ಕಥೆ ಎಲ್ಲರಿಗೂ ಗೊತ್ತು. ಚೆನ್ನಬಸವಣ್ಣನ ನೇತೃತ್ವದಲ್ಲಿ ಒಂದು ತಂಡ, ವಚನಗಳ ಕಟ್ಟುಗಳನ್ನು ಕಾಪಾಡಿಕೊಳ್ಳುತ್ತ, ಮಲಪ್ರಭೆಯ ದಡದ ಕಾದರೊಳ್ಳಿಯನ್ನು ಹಾದು ಉಳವಿಯನ್ನು ಸೇರಿತೆಂದು ಪರಂಪರೆ ಹೇಳುತ್ತದೆ. ಅಲ್ಲಿ ಚೆನ್ನಬಸವಣ್ಣನ ಸಮಾಧಿಯಿದೆ. ಭಾರತ ಹುಣ್ಣಿಮೆಯ ತೇರಿಗೆ ಬಯಲುಸೀಮೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ದಿಕ್ಕುಗೆಟ್ಟವರು ಕಾಡು ಸೇರಿದರು ಎಂದು ನಾನು ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಉಳವಿಯ ಗುಡಿಯ ಕಟ್ಟೆಯ ಮೇಲೆ ಕುಳಿತಾಗ ಆ ಮಾತಿನ ಬಗ್ಗೆಯೇ ಸಂದೇಹ ಬಂತು. ಆಗ ಹಲಸಿಗೆ ಹನ್ನೆರಡು ಸಾಸಿರ ನಾಡನ್ನು ಆಳುತ್ತಿದ್ದವನು ಗೋವೆ ಕದಂಬರ ಶಿವಚಿತ್ತ ಪೆರ್ಮಾಡಿ, ಜಯಕೇಶಿ ಮತ್ತು ಮೈಲಲದೇವಿಯರ ಮಗ. ಎಂದರೆ ವಿಕ್ರಮಾದಿತ್ಯನ ಮಗಳ ಮಗ! ಕಲ್ಯಾಣವನ್ನು ಬಿಟ್ಟ ಶರಣರು ಕಲ್ಯಾಣದ ಮೊಮ್ಮಗನ ನಾಡಿನತ್ತ ನಡೆದರು. ಇದಕ್ಕೆ ಶಾಸನದ ಸಾಕ್ಷಿಯನ್ನು ನಾನು ಒಡ್ಡಲಾರೆ. ಇದು ನನ್ನ ಊಹೆ. ಆದರೂ, ದಿಬ್ಬಣ ಹೋದ ದಿಕ್ಕಿಗೇ ನಿರಾಶ್ರಿತರೂ ಹೋದರೆಂಬುದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಉಳವಿಯಿಂದ ಅಣಶಿ ಘಟ್ಟವನ್ನಿಳಿದು, ಕದ್ರಾದಿಂದ ಕಾಳೀನದಿಯ ಜೊತೆಗೇ ಸಾಗಿ, ಸಂಜೆಯ ಹೊತ್ತಿಗೆ ಕಾರವಾರದ ತೀರದಲ್ಲಿ ನಿಂತೆವು. ನನ್ನ ಪತ್ನಿ ಬಾಗಿ ಒಂದು ಬೊಗಸೆ ನೀರೆತ್ತಿ ನಾಲಗೆಗೆ ತಾಕಿಸಿ, "ಖರೇನೇ ಉಪ್ಪ ಅದ ರೀ" ಎಂದಳು. ನನಗೆ ಮಾತು ಹೊರಡಲಿಲ್ಲ. ನಾನು ಪಾಠ ಹೇಳಿದ ಸಮುದ್ರದಲ್ಲಿ ಮುತ್ತು, ಹವಳ, ಮಕರ, ತಿಮಿಂಗಿಲಗಳೆಲ್ಲ ಇದ್ದವು. ಈ ಮೀನಿನ ವಾಸನೆಯಾಗಲಿ, ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಲೆ ಎಳೆಯುವ ಮನುಷ್ಯರಾಗಲಿ ಇರಲಿಲ್ಲ. ಕಲ್ಯಾಣದ ಶರಣರ ನಡುವೆ ಅಂಬಿಗರ ಚೌಡಯ್ಯನಿಗೆ ಒಂದು ಸ್ಥಾನವಿತ್ತೆಂಬುದು ಆಗ ನೆನಪಾಯಿತು. ನೀರನ್ನು ವರ್ಣಿಸಿದವರು ಬೇರೆ, ನೀರಿನ ಮೇಲೆ ಬದುಕಿ ವಚನ ನುಡಿದವನು ಬೇರೆ.

ಈ ತೀರಕ್ಕೆ ಈಗ ರವೀಂದ್ರನಾಥ ಠಾಕೂರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ತರುಣ ರವೀಂದ್ರರು ಬಂದು ತಂಗಿದ್ದರು. ಲೋಕವನ್ನು ತೊರೆದ ಸನ್ಯಾಸಿಯನ್ನು ಒಂದು ಅನಾಥ ಬಾಲಿಕೆಯ ಪ್ರೀತಿ ಮರಳಿ ಲೋಕಕ್ಕೆ ಕರೆತರುವ 'ಪ್ರಕೃತಿರ ಪ್ರತಿಶೋಧ' ನಾಟಕವನ್ನು ಅವರು ಬರೆದದ್ದು ಇಲ್ಲಿಯೇ. ಬೆಳುದಿಂಗಳಲ್ಲಿ ದೋಣಿಯೇರಿ ಕಾಳೀನದಿಯಲ್ಲಿ ಸಾಗಿ ಬೆಟ್ಟದ ಕೋಟೆಯನ್ನು ಕಂಡು ಬಂದುದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ಮರುದಿನ ನಾವು ನದಿಯಾಚೆಯ ಸದಾಶಿವಗಡಕ್ಕೆ ಹೋದೆವು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸೋದೆಯ ಅರಸನೊಬ್ಬನು ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಕೋಟೆ ಅದು. ಆ ಅರಸನ ಹೆಸರು ಬಸವಲಿಂಗ. ಕಲ್ಯಾಣದ ಹೆಸರು ಕಾಡು ದಾಟಿ ಕಡಲನ್ನೂ ಮುಟ್ಟಿತ್ತು. ಕೋಟೆಯ ಮೇಲಿಂದ ನದಿ ಸಮುದ್ರವನ್ನು ಕೂಡುವ ಅಳಿವೆ, ದೇವಬಾಗದ ಗಾಳಿಮರಗಳ ಸಾಲು, ದೂರದಲ್ಲಿ ನರಸಿಂಹನ ಗುಡಿಯಿರುವ ಕೂರ್ಮಗಡ ನಡುಗಡ್ಡೆ ಇವೆಲ್ಲ ಒಂದೇ ನೋಟಕ್ಕೆ ಸಿಕ್ಕವು. ಜಲಸಂಗ್ವಿಯ ಬಾಲಿಕೆ ಬರೆದ 'ದ್ವೀಪ' ಎಂಬ ಮಾತಿಗೆ ನಾನು ಅರ್ಥ ಕಂಡದ್ದು ಅಲ್ಲಿ.

ಊರಿಗೆ ಮರಳಿದ ಮೇಲೆ ಒಂದು ಸಂಜೆ ಬಸವಕಲ್ಯಾಣದ ತ್ರಿಪುರಾಂತ ಕೆರೆಯ ದಂಡೆಗೆ ಹೋಗಿ ಕುಳಿತಿದ್ದೆ. ಕೆರೆ ಚಿಕ್ಕದು, ಅಲೆಗಳೂ ಚಿಕ್ಕವು. ಕಲ್ಯಾಣ ಅಂದಿಗೆ ಮುಗಿಯಿತೆಂದು ಹೇಳುವುದು ನಮಗೆಲ್ಲ ರೂಢಿಯಾಗಿಹೋಗಿದೆ. ಅದು ಮುಗಿಯಲಿಲ್ಲ, ಪಡುವಣಕ್ಕೆ ನಡೆಯಿತು ಎಂದು ಈಗ ನನಗನ್ನಿಸುತ್ತದೆ. ಹಿಂದಿನ ಬೆಂಚಿನ ಆ ಹುಡುಗ ಎಲ್ಲಿದ್ದಾನೋ ತಿಳಿಯದು. ಎಲ್ಲಿದ್ದರೂ ಅವನಿಗೆ ಸಲ್ಲಬೇಕಾದ ಉತ್ತರ ಇಷ್ಟೆ: ನೋಡಿದೆನಪ್ಪಾ. ನಿನಗೆ ಪಾಠ ಹೇಳುವ ಮೊದಲೇ ನೋಡಬೇಕಾಗಿತ್ತು.